ಅದಿರು ತುಂಬುವ ಕ್ರಮ

ಡುಲೂತ್‌ನಲ್ಲಿ ಫೆಬ್ರವರಿ. ಸರೋವರ ಹೆಪ್ಪುಗಟ್ಟಿ
ಹಡಗುಗಳೆಲ್ಲ ಧಕ್ಕೆಗೆ ಒರಗಿ ನಿದ್ದೆಹೋಗಿವೆ.
ಅಡುಗೆಮನೆಯ ಮೇಜಿನ ಮೇಲೆ ಹಳದಿ ಹಾಳೆ,
ಆರಿದ ಕಾಫಿ, ಅಳಿಸಿ ಅಳಿಸಿ ಕಪ್ಪಾದ ರಬ್ಬರು.
ಮೂವತ್ತೊಂದು ವರ್ಷ ಅದಿರಿನ ಹಡಗಿನಲ್ಲಿ ದುಡಿದ ರೇನೊ
ಪಿಂಚಣಿಯ ಫಾರಂ ಮುಂದೆ
ಮಗ್ಗಿ ಮರೆತ ಹುಡುಗನ ಹಾಗೆ ಕೂತಿದ್ದಾನೆ.

ಎರಡು ಚೌಕ.
ಅವನ ಉಸಿರಿರುವ ತನಕ ಮಾತ್ರ ಎಂದರೆ
ತಿಂಗಳಿಗೆ ಎರಡು ಸಾವಿರದ ನೂರು.
ಅವನ ನಂತರ ನನಗೂ ಎಂದರೆ ಸಾವಿರದ ಎಂಟುನೂರು.
"ಹಾಗಾದರೆ ನನ್ನ ಬೆಲೆ ಮುನ್ನೂರು ಡಾಲರು" ಅಂದೆ.
ಅವನು ನಗಲಿಲ್ಲ.

ಸೋಷಿಯಲ್ ಸೆಕ್ಯುರಿಟಿಯನ್ನು ಎಪ್ಪತ್ತರ ತನಕ ಮುಟ್ಟದಿದ್ದರೆ
ಬೆಳೆಯುತ್ತದಂತೆ. ಬೆಳೆಯುವ ತನಕ ಉಣ್ಣುವುದೇನು? ಉಳಿತಾಯ.
ಉಳಿತಾಯ ಒಡೆದರೆ ಅದೇ ಆದಾಯವೆನಿಸಿ ತೆರಿಗೆ ಎದ್ದು ಕೂರುತ್ತದೆ,
ಆದಾಯ ಉಬ್ಬಿದರೆ ನನ್ನ ವಿಮೆಯ ರಿಯಾಯಿತಿ ಬತ್ತುತ್ತದೆ.
ನನಗಿನ್ನೂ ಅರವತ್ತೆರಡು, ಮೆಡಿಕೇರ್‌ಗೆ ಮೂರು ಚಳಿಗಾಲ ಬಾಕಿ,
ಎಡ ಮಂಡಿ ಅಷ್ಟು ಕಾಯುವ ಪೈಕಿಯಲ್ಲ.
ಮನೆಸಾಲ ತೀರಿಸಿ ಹಗುರಾಗೋಣ ಎಂದರೆ
ಮತ್ತೆ ಅದೇ ಉಳಿತಾಯ, ಅದೇ ತೆರಿಗೆ, ಅದೇ ಮಂಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಒಂಟಿಯಾಗಿ ಮಲಗುತ್ತಿದ್ದರೇನೋ.
ಇಬ್ಬರ ಹೊದಿಕೆಯಲ್ಲಿ ಒಬ್ಬರು ಮಗ್ಗುಲಾದರೆ
ಇನ್ನೊಬ್ಬರ ಬೆನ್ನಿಗೆ ಗಾಳಿ.

"ಹಡಗಿಗೆ ಹೇಗೆ ತುಂಬುತ್ತಿದ್ದೆ?" ಕೇಳಿದೆ, ಸುಮ್ಮನೆ.
ಫಾರಂ ಬೋರಲು ಹಾಕಿ ಗೀಚತೊಡಗಿದ.
ಏಳುನೂರು ಅಡಿಯ ಹಡಗು, ಐದು ಕೋಣೆ.
ಒಂದನ್ನೇ ಭರ್ತಿ ಮಾಡಿ ಇನ್ನೊಂದಕ್ಕೆ ಹೋಗುವಂತಿಲ್ಲ,
ಬೆನ್ನು ಮುರಿಯುತ್ತದೆ; ಕಬ್ಬಿಣವೂ ಬಾಗುತ್ತದೆ, ವರ್ನಾ.
ನಡುವಿಗೆ ಒಂದಿಷ್ಟು, ಮೂತಿಗೆ ಒಂದಿಷ್ಟು, ಹಿಂದಕ್ಕೊಂದಿಷ್ಟು,
ಅದಿರು ಬಿದ್ದ ಹಾಗೆಲ್ಲ ತಳದ ನೀರು ಹೊರಕ್ಕೆ.
ಕೈ ತಾನಾಗಿ ಓಡುತ್ತಿತ್ತು, ಮುಖಕ್ಕೆ ಕಳೆ ಬಂದಿತ್ತು.
ಆಮೇಲೆ ನಿಂತುಹೋಯಿತು.
"ಅಲ್ಲಿ ತೂಕ ಎಷ್ಟೆಂದು ಮೊದಲೇ ಬರೆದುಕೊಡುತ್ತಿದ್ದರು."

ಇಲ್ಲಿ ಬರೆದುಕೊಡುವವರಿಲ್ಲ.
ಅವನ ಅಪ್ಪ ಅರವತ್ತೊಂದಕ್ಕೆ, ಬಾಗಿಲ ಹಿಮ ಎತ್ತುತ್ತ,
ಸಲಿಕೆ ಹಿಡಿದೇ ಹೋದವನು.
ನನ್ನಮ್ಮ ತೊಂಬತ್ತನಾಲ್ಕರಲ್ಲೂ ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು.
ಇದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಸಕ್ಕರೆ ಡಬ್ಬಿಯ ಪಕ್ಕ ಅದು ಸುಮ್ಮನೆ ಕೂತಿತ್ತು.

ಐದೂವರೆಗೆ ದೀಪ ಹಾಕಿದೆ.
ಸಾವಿರದ ಎಂಟುನೂರರ ಚೌಕಕ್ಕೆ ಅವನು ಗುರುತು ಹಾಕಿದ,
ಪೆನ್ನಿನಲ್ಲಿ, ಹಿಂಬದಿಯ ಹಡಗಿಗೆ ತೂತು ಬೀಳುವಷ್ಟು ಒತ್ತಿ.
ಅಷ್ಟಕ್ಕೇ ಹಳದಿ ಹಾಳೆಯ ಮಿಕ್ಕ ಲೆಕ್ಕವೆಲ್ಲ ಸುಳ್ಳಾಯಿತು.
ಅದನ್ನು ಮಡಿಸಿಟ್ಟು ಹೊಸದೊಂದು ಹರಿದುಕೊಂಡ.
ನಾನು ಕಾಫಿ ಬಿಸಿ ಮಾಡಲು ಎದ್ದೆ,
ಎಡಗಾಲಿನ ಮೇಲೆ ಭಾರ ಬೀಳದ ಹಾಗೆ.