ಲಾರಿಯ ಹಿಂದೆ ಸೊಪ್ಪು

ಹೆಜಮಾಡಿ ಟೋಲು ದಾಟಿ ಇನ್ನೂರು ಮಾರು,
ಸರ್ವಿಸ್ ರಸ್ತೆಯ ಬಾಯಲ್ಲಿ
ನನ್ನ ಕೆಲಸ ಇಷ್ಟೇ: ಮಲಗಿದವರನ್ನು ಎಬ್ಬಿಸುವುದು.

ಬೆತ್ತದ ತುದಿಯಿಂದ ಬಾಗಿಲಿಗೆ ಮೂರು ಸಲ.
ಮೊದಲನೆಯದಕ್ಕೆ ಯಾರೂ ಏಳುವುದಿಲ್ಲ.
ಎರಡನೆಯದಕ್ಕೆ ಒಳಗಿಂದ ಯಾವುದೋ ಭಾಷೆಯ ಬೈಗುಳ.
ಮೂರನೆಯದಕ್ಕೆ ಗಾಜು ಇಳಿಯುತ್ತದೆ,
ಬೀಡಿ, ಡೀಸೆಲ್, ಒಣಗದ ಟವೆಲಿನ ವಾಸನೆಯೊಡನೆ
ಒಂದು ಮುಖ.
ಇಲ್ಲಿ ನಿಲ್ಲಿಸುವಂತಿಲ್ಲ, ಎನ್ನುತ್ತೇನೆ.
ಮತ್ತೆಲ್ಲಿ ಎಂದು ಕೇಳಿದವರಿಗೆ
ಮುಂದೆ, ಎನ್ನುತ್ತೇನೆ.
ಮುಂದೆ ಮೂಲ್ಕಿಯಲ್ಲಿ ನನ್ನಂಥವನೇ ಇನ್ನೊಬ್ಬನಿದ್ದಾನೆ,
ಅವನೂ ಮುಂದೆ ಎನ್ನುತ್ತಾನೆ.
ಆಚೆ ಸುರತ್ಕಲ್. ಆಮೇಲೆ ಬೈಕಂಪಾಡಿ, ಅಲ್ಲಿ ಯಾರ್ಡು ಭರ್ತಿ.
ಪಣಂಬೂರಿನಲ್ಲಿ ಗೇಟು. ಗೇಟಿನಾಚೆ ಸಮುದ್ರ.

ಆ ರಾತ್ರಿ ಎರಡೂಕಾಲಿಗೆ ಒಂದು ಟ್ರೈಲರ್.
ಮೇಲೆ ಒಂದೇ ಒಂದು ಕಲ್ಲು, ಇಳಕಲ್ಲಿನ ಕೆಂಪು,
ಹಡಗಿಗೆ ಹೋಗುವಂಥದ್ದು;
ಕೆಳಗೆ ಮರದ ದಿಂಡು ಕೊಟ್ಟು, ಸರಪಳಿ ಬಿಗಿದು,
ಜೋಪಾನವಾಗಿ ಮಲಗಿಸಿದ್ದರು.

ಲೈಸೆನ್ಸಿಗೆ ಟಾರ್ಚು ಹಿಡಿದೆ. ಯಮನೂರಪ್ಪ.
ಇಂಥ ಹೆಸರೂ ಇಡುತ್ತಾರಾ ಮಾರಾಯ, ಅದೂ ಡ್ರೈವರಿಗೆ!
"ನಮ್ಮ ಕಡೆ ದೇವ್ರ ಹೆಸರ್ರೀ ಅದು," ಎಂದ.
ಕಣ್ಣು ತೆರೆದಿತ್ತು, ನೋಡುತ್ತಿರಲಿಲ್ಲ.
"ಅರಬೈಲ್ ಘಟ್ಟ ಇಳಿದಾಗಿಂದ ಕುಂತಾಂವ ಎದ್ದಿಲ್ರಿ.
ಕುಂದಾಪುರದಾಗ ಎಬ್ಬಿಸಿದ್ರು. ಬ್ರಹ್ಮಾವರದಾಗ ಎಬ್ಬಿಸಿದ್ರು.
ಕಟಪಾಡಿಯೊಳಗ ಕಣ್ಣು ಹತ್ತೂದ್ರೊಳಗ ಎಬ್ಬಿಸಿದ್ರು.
ಐದು ತಾಸು ದುಡಿಸಿದ್ರ ಅರ್ಧ ತಾಸು ಬಿಡುವು ಕೊಡಬೇಕಂತ
ಕಾನೂನಿನಾಗ ಐತಂತಲ್ರಿ.
ಎಲ್ಲಿ ಕೊಡಬೇಕಂತ ಐತೇನು ಅದ್ರಾಗ?"

ನನಗೆ ಗೊತ್ತಿರಲಿಲ್ಲ.
ನನ್ನ ಡ್ಯೂಟಿ ಎಂಟರಿಂದ ಎಂಟು,
ಆಮೇಲೆ ಐಸ್ ಪ್ಲಾಂಟಿನಲ್ಲಿ ಮಧ್ಯಾಹ್ನದವರೆಗೆ.
ನನ್ನ ಅರ್ಧ ಗಂಟೆ ಯಾರ ಕಿಸೆಯಲ್ಲುಂಟೆಂದು
ನಾನು ಕೇಳಿದವನಲ್ಲ.

ರಸ್ತೆಬದಿಯ ಹೊಂಗೆಯಿಂದ ಎರಡು ಗೆಲ್ಲು ಮುರಿದೆ.
ಟ್ರೈಲರಿನ ಹಿಂದೆ ಇಪ್ಪತ್ತು ಹೆಜ್ಜೆ ಅಳೆದು
ಮುರಕಲ್ಲಿನ ತುಂಡು ನಾಲ್ಕು, ನಡುವೆ ಸೊಪ್ಪು.
ಈ ಹೆದ್ದಾರಿಯಲ್ಲಿ ಎಲ್ಲರಿಗೂ ಓದಲು ಬರುವ ಲಿಪಿ ಅದೊಂದೇ:
ಗಾಡಿ ಕೆಟ್ಟಿದೆ.
ಕೆಟ್ಟ ಗಾಡಿಗೆ ನಿಲ್ಲುವ ಹಕ್ಕುಂಟು.

"ಅರ್ಧ ಗಂಟೆ," ಎಂದೆ, "ಮತ್ತೆ ನಾನೇ ಬಡಿಯುತ್ತೇನೆ."
ಅವನು ಆಗಲೇ ಸ್ಟೇರಿಂಗಿನ ಮೇಲೆ ಕುಸಿದಿದ್ದ,
ಗಾಜು ಏರಿಸಿರಲಿಲ್ಲ.

ಜೀಪು ಬಂತು. ಸಾಹೇಬರು ಇಳಿಯದೆ ಕೇಳಿದರು: ಎಂತ ಆದದ್ದು?
ಆಕ್ಸಲ್ ಸರ್, ಎಂದೆ.
ಯಾವ ಆಕ್ಸಲ್ ಎಂದಿದ್ದರೆ ಸಿಕ್ಕಿಬೀಳುತ್ತಿದ್ದೆ.
ಜೀಪಿನ ಚಾಲಕ ಜಯಕರಣ್ಣ ಸೊಪ್ಪು ನೋಡಿದ,
ತೆರೆದ ಗಾಜು ನೋಡಿದ, ಗೊರಕೆ ಕೇಳಿದ.
"ಆಕ್ಸಲೇ ಸರ್. ಶಬ್ದ ಬರ್ತಾ ಉಂಟಲ್ಲ."
ಅವನ ಕಣ್ಣೂ ನಿನ್ನೆಯದೇ.

ಎರಡೂಮುಕ್ಕಾಲಾಯಿತು.
ಬೆತ್ತ ಎತ್ತಿದೆ. ಇಳಿಸಿದೆ.
ಎಷ್ಟು ಜನರನ್ನು ಎಬ್ಬಿಸಿದ್ದೇನೋ ಲೆಕ್ಕವಿಲ್ಲ,
ಒಬ್ಬ ಮಲಗಿರುವುದನ್ನು ನಿಂತು ನೋಡಿರಲಿಲ್ಲ.
ಬಾಯಿ ಮಗುವಿನ ಹಾಗೆ ತೆರೆದಿತ್ತು.
ಬಲಗಾಲು ಮಾತ್ರ ಆಗಾಗ ಬ್ರೇಕನ್ನು ಅದುಮುತ್ತಿತ್ತು,
ಕನಸಿನಲ್ಲೂ ಯಾವುದೋ ಇಳಿಜಾರು.

ಹತ್ತು ನಿಮಿಷ ಜಾಸ್ತಿ ಬಿಟ್ಟೆ. ಆಮೇಲೆ ಬಡಿದೆ,
ಬೆತ್ತದಿಂದಲ್ಲ, ಬೆರಳಿನಿಂದ.
ಎದ್ದ, ನನ್ನನ್ನು ಗುರುತಿಸಲಿಲ್ಲ,
"ಹೊಂಟೆ ಸಾಹೇಬ್ರ, ಹೊಂಟೆ" ಎಂದು ಕೈ ಮುಗಿದು
ಕಲ್ಲನ್ನು ಎಳೆದುಕೊಂಡು ಹೋದ.

ಸೊಪ್ಪು ತೆಗೆಯಲು ಮರೆತೇಹೋಯಿತು.
ಬೆಳಗಿನವರೆಗೆ ಎಲ್ಲ ಗಾಡಿಗಳೂ
ಏನೂ ಇಲ್ಲದ ಒಂದು ಜಾಗವನ್ನು ಬಳಸಿಕೊಂಡು ಹೋದವು.
ಎಂಟಕ್ಕೆ ಬದಲಿ ಬಂದವನು ಕೇಳಿದ:
"ಕೆಟ್ಟದ್ದು ಯಾವುದು ಮಾರಾಯ? ಕಾಣುವುದೇ ಇಲ್ಲ."
ನನಗೆ ಐಸ್ ಪ್ಲಾಂಟಿಗೆ ತಡವಾಗಿತ್ತು.