ಹನ್ನೆರಡು ವೋಲ್ಟಿನ ಬೆಳಕು

ಟ್ರಾಲಿಂಗ್ ನಿಷೇಧ ಮುಗಿದು ಹದಿನಾಲ್ಕನೆಯ ಸಂಜೆ
ಮಂಜೇಶ್ವರದ ಬಂದರಿನಲ್ಲಿ
ಹಸೈನಾರ್ಚರ ಬೋಟಿನ ಹಿಂಬದಿಗೆ ಕೂತು
ನಾನು ವಯರು ಸುಲಿಯುತ್ತಿದ್ದೆ.
ಹಲ್ಲಿನಿಂದಲೇ. ಕಟ್ಟರ್ ನೀರಿಗೆ ಬಿದ್ದಿತ್ತು.

"ನಾಳೆಯವರೆಗೆ ರಾತ್ರಿಯೂ ಹಾರಲಿ," ಅಂದಿದ್ದರು ಅವರು.
"ಹಾರುವುದಾದರೆ ಬೆಳಕು ಬೇಕು.
ಕತ್ತಲಲ್ಲಿ ನೇತಾಡಲಿಕ್ಕೆ
ಅದೆಂತ, ಒಣಹಾಕಿದ ಲುಂಗಿಯಾ?"

ಎಲ್ಲಿ ಕಟ್ಟುವುದೆಂದು ಮೊದಲು ಜಗಳ.
ಮುಂದೆ ಮೂತಿಯಲ್ಲಿ ಆಗಲೇ ಬಾಡಿದ ಮಲ್ಲಿಗೆ,
ಒಂದು ಹಸಿರು ಚಿಂದಿ, ಒಂದು ಕೇಸರಿ ಚಿಂದಿ,
ಹಳೆಯ ವಿಶ್ವಕಪ್ಪಿನ ಅರ್ಜೆಂಟೀನಾ.
ತಾಂಡೇಲ ದೂಮಪ್ಪಣ್ಣ ಬೀಡಿ ತೆಗೆದು ಹೇಳಿದ:
"ಅಲ್ಲಿ ಜಾಗ ಇಲ್ಲ. ಅದು ಹಿಂದೆ ಇರಬೇಕಾದ್ದು,
ಚುಕ್ಕಾಣಿಯ ಮೇಲೆ.
ಬೋಟು ಯಾರದ್ದೆಂದು ಕೇಳುವವ
ಹಿಂದಿನಿಂದಲೇ ಬರುವುದು."

ಬಲೆಗೆ ಹದಿನಾರು ಬಗೆಯ ಗಂಟು ಬಲ್ಲ ನಮಗೆ
ಬಾವುಟದ ಗಂಟು ಬರಲಿಲ್ಲ.
ಬಂದದ್ದು ಬುಧುವಾನಿಗೆ.
ಜಾರ್ಖಂಡಿನ ಯಾವುದೋ ಶಾಲೆಯಲ್ಲಿ
ಆರನೆಯ ಕ್ಲಾಸಿನವರೆಗೆ ಪ್ರತಿ ಸಲ ಅವನೇ ಕಟ್ಟುತ್ತಿದ್ದನಂತೆ.
ಮೂರು ವರ್ಷದ ಹಿಂದೆ ಕಡಲನ್ನೇ ಕಂಡಿರದ ಹುಡುಗ
ಕೇಸರಿ ಮೇಲಕ್ಕೆ ಉಂಟೋ ಎಂದು ಎರಡು ಸಲ ನೋಡಿ
ಬಟ್ಟೆಯ ತುದಿ ಮೀನಿನ ನೀರಿಗೆ ತಾಗದ ಹಾಗೆ
ಹೆಗಲ ಮೇಲೆ ಇಟ್ಟುಕೊಂಡ.

ನಾನು ಹಾಕಿದ್ದು ದೊಡ್ಡ ಬಲ್ಬು,
ಮದುವೆ ಚಪ್ಪರಕ್ಕೆ ಹಾಕುವಂಥದ್ದು.
ಸ್ವಿಚ್ಚು ಒತ್ತಿದೆ.
ಬಂದರಿಗೆ ಬಂದರೇ ಇತ್ತ ತಿರುಗಿತು.
ಹಸೈನಾರ್ಚ ಟೊಪ್ಪಿ ಸರಿ ಮಾಡಿಕೊಂಡರು
ಯಾರೋ ಫೋಟೊ ತೆಗೆಯುವ ಹಾಗೆ.
ದಾರಿಯಲ್ಲಿ ಕೆಟ್ಟರೆ ಎಂದು
ನನ್ನನ್ನೂ ಹತ್ತಿಸಿ ಕಳಿಸಿದರು.

ಅಳಿವೆ ದಾಟಿ ಅರ್ಧ ಗಂಟೆ ಆಗಲಿಲ್ಲ,
ದೂಮಪ್ಪಣ್ಣನ ಕೂಗು: "ನಂದಿಸು ಮಾರಾಯ!
ಎದುರಿನ ಗಾಜಿನ ತುಂಬ ಹಿಂದಿನ ಬಾವುಟ.
ಅದೊಂದೇ ಕಾಣುವುದು ನನಗೆ,
ಕಡಲು ಕಾಣುವುದಿಲ್ಲ."

ನಂದಿಸಿದೆ.
ಆಗ ಕಂಡಿತು, ಎಡಕ್ಕೆ,
ಬೀಡಿಯ ಕೆಂಡದಷ್ಟೇ ಒಂದು ಬೆಳಕು,
ಅದರ ಕೆಳಗೆ ಪಾತಿದೋಣಿ,
ಕೈಯೆತ್ತಿ ಬೈಯುತ್ತಿರುವ ಅಪ್ಪ, ಮಗ.
ಒಂದು ಬಲೆ ಬೀಸುವಷ್ಟು ದೂರ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಹಾಲಿನ ಪುಡಿಯ ಡಬ್ಬಿ ಕತ್ತರಿಸಿದೆ.
ಒಳಗೆ ಐದು ವ್ಯಾಟಿನ ಪುಟ್ಟ ಬಲ್ಬು,
ಬಾಯಿ ಮೇಲಕ್ಕೆ, ಅಂಚು ಒಳಕ್ಕೆ ಮಡಚಿ,
ಬೆಳಕು ಬಟ್ಟೆಯ ಮೇಲೆ ಬಿದ್ದು
ಅಲ್ಲೇ ಮುಗಿಯುವ ಹಾಗೆ.
ಕೆಂಪು ಎಡಕ್ಕೆ, ಹಸಿರು ಬಲಕ್ಕೆ, ಬಿಳಿ ಹಿಂದೆ,
ಕಡಲಿನಲ್ಲಿ ಬಣ್ಣಗಳಿಗೆ ಅವುಗಳದ್ದೇ ಮಾತು ಉಂಟು.
ನಡುವೆ ಬಾಯಿ ಹಾಕಬಾರದು.

ನಡುರಾತ್ರಿ ಇಂಜಿನ್ ನಿಲ್ಲಿಸಿ ಬಲೆ ಬಿಟ್ಟು ಕೂತೆವು.
ಮೂಡಣದಲ್ಲಿ ಎರಡು ರಾಜ್ಯದ ದೀಪ ಒಂದೇ ಸಾಲು.
ಆಚೆ ದಾಟಿದರೆ ದಂಡ ಉಂಟೆಂದು
ದೂಮಪ್ಪಣ್ಣ ಜಿಪಿಎಸ್‌ಗೆ ಮೂಗು ತಾಗಿಸಿ ನೋಡಿದ.
ಗಾಳಿ ಬಿತ್ತು.
ಬಾವುಟ ಕೋಲಿಗೆ ಅಂಟಿಕೊಂಡು ಮಲಗಿತು,
ಬೆಳಕು ಬರಿಯ ಕತ್ತಲೆಗೆ ಬೀಳುತ್ತಿತ್ತು.
ಬುಧುವಾ ಎದ್ದು
ಡಬ್ಬಿಯನ್ನು ಎರಡು ಬೆರಳಷ್ಟು ಓರೆ ಮಾಡಿದ.
ಯಾರೂ ಹೇಳಿರಲಿಲ್ಲ.

ನಾಲ್ಕೂವರೆಗೆ ಬ್ಯಾಟರಿ ಹನ್ನೊಂದಕ್ಕೆ ಇಳಿದಿತ್ತು.
ಇನ್ನು ಇಂಜಿನ್ ಏಳಬೇಕಾದರೆ
ಏನಾದರೂ ಒಂದು ನಂದಬೇಕು.
ನನ್ನ ಕೈ ಡಬ್ಬಿಯ ಸ್ವಿಚ್ಚಿಗೆ ಹೋಯಿತು,
ಸುಳ್ಳು ಯಾಕೆ.
ಅಷ್ಟರಲ್ಲಿ ಬುಧುವಾ ತನ್ನ ಮೊಬೈಲನ್ನು
ಚಾರ್ಜಿನಿಂದ ತಾನೇ ಕಿತ್ತ.
ಏಳು ಗಂಟೆಗೆ ಊರಿಗೆ ಮಾತಾಡುವುದಿತ್ತು ಅವನಿಗೆ.
ದೂಮಪ್ಪಣ್ಣ ಕ್ಯಾಬಿನ್ನಿನ ದೀಪ ಆರಿಸಿದ,
ಆಮೇಲೆ ಫ್ಯಾನು.
ಕತ್ತಲಲ್ಲಿ ಗ್ಲಾಸು ತಡವಿ ಚಾ ಕುಡಿದೆವು,
ಒಬ್ಬನ ಕೈಗೆ ಬಿಸಿ ಚೆಲ್ಲಿತು.

ಬೆಳಗಾದ ಮೇಲೆ ಹಸೈನಾರ್ಚರ ಫೋನು.
ನಾನು ಹೇಳಿದ್ದು ಇಷ್ಟೇ:
"ದೀಪ ಸರಿ ಉಂಟು. ಮೀನು ಕಮ್ಮಿ."