ಹಾಳೆಯ ಹಿಂಬದಿ

ತಿಂಗಳು ಎಲ್ಲಿಗೆ ಬಂತೆಂದು ತಿಳಿಯಲು
ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಬೇಡ,
ಕಾಫಿ ಕುಡಿದರೆ ಸಾಕು.
ಒಂದನೇ ತಾರೀಖು ನೂರಕ್ಕೆ ಇಪ್ಪತ್ತು ಚಿಕೋರಿ,
ಹತ್ತರ ಮೇಲೆ ಮೂವತ್ತು,
ಇಪ್ಪತ್ತು ದಾಟಿತೋ, ಪುಡಿ ಅಂಗಡಿಯ ಸಾಂಬಶಿವಯ್ಯನವರು
ನನ್ನ ಮುಖ ನೋಡಿ, ಏನೂ ಕೇಳದೆ
ಅರ್ಧಕ್ಕರ್ಧ ಬೆರೆಸಿ ಪೊಟ್ಟಣ ಕಟ್ಟುತ್ತಾರೆ.
ಬಣ್ಣ ಮಾತ್ರ ಚೆನ್ನಾಗಿ ಬರುತ್ತೆ ತಾಯೀ, ಎನ್ನುತ್ತಾರೆ.
ಬಣ್ಣಕ್ಕೇನು,
ನಮ್ಮದು ಯಾವತ್ತೂ ಚೆನ್ನಾಗಿಯೇ ಬಂದಿದೆ.

ಪೆನ್ಷನ್ ಮೊಹಲ್ಲದ ಈ ವಠಾರದಲ್ಲಿ
ಮೂರು ಮನೆಗೆ ಒಂದೇ ಪೇಪರು.
ಮೊದಲು ಮೇಷ್ಟ್ರ ಮನೆ, ಆಮೇಲೆ ಜುಲೇಖಾಬಿ,
ನನ್ನ ಕೈಗೆ ಬರುವಾಗ ಮಧ್ಯಾಹ್ನ ಎರಡು.
ಎಣ್ಣೆ ಬೆಲೆ ಏರಿತೆಂಬ ಸುದ್ದಿಯೂ
ನನಗೆ ಅರ್ಧ ದಿನ ತಡವಾಗಿ ತಗಲುತ್ತದೆ.
ಅಷ್ಟು ಹೊತ್ತು ಲಾಭ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಒಬ್ಬರೇ ಮಲಗುತ್ತಿದ್ದರೋ ಏನೋ,
ನಮ್ಮದರಲ್ಲಿ ಮೂವರ ಆರು ಕಾಲು.
ಇವರು ಆಲೂಗಡ್ಡೆ ಮಂಡಿಯಲ್ಲಿ ತೂಕ ಬರೆಯುವವರು,
ಗುದ್ದಲಿ ತಾಗಿ ಸೀಳಿದ ಗೆಡ್ಡೆಗಳನ್ನು
ಸಂಜೆ ಚೀಲದ ಮೂಲೆಯಲ್ಲಿ ತರುತ್ತಾರೆ.
ಗಾಯ ಇದ್ದಷ್ಟನ್ನೇ ಕೆತ್ತಿ ತೆಗೆಯುತ್ತೇನೆ.
ಸಿಪ್ಪೆ ತೊಳೆದು, ಉಪ್ಪು ಖಾರ ಹಾಕಿ, ಬಾಣಲೆಯಲ್ಲಿ ಗರಿಗರಿ.
ಬೇಳೆಗೆ ಎರಡು ವಿಷಲ್ ಆದೊಡನೆ ಒಲೆ ಆರಿಸಿ
ಕುಕ್ಕರಿಗೆ ಇವರ ಹಳೆಯ ಸ್ವೆಟರ್ ಹೊದಿಸುತ್ತೇನೆ,
ಮೂರನೆಯದನ್ನು ಅದು ಒಳಗೊಳಗೇ ಕೂಗಿಕೊಳ್ಳಲಿ.

ಕಷ್ಟ ಎಂದು ಹೇಳುತ್ತಿಲ್ಲ.
ನಿಜ ಹೇಳಬೇಕೆಂದರೆ ಒಂಥರಾ ಹೆಮ್ಮೆ.
ಮುಗಿದ ಪೇಸ್ಟಿನ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ
ಇನ್ನೂ ನಾಲ್ಕು ದಿನ ತೆಗೆದ ಬೆಳಿಗ್ಗೆ
ಯಾರನ್ನೋ ಕುಸ್ತಿಯಲ್ಲಿ ಕೆಡವಿದ ಹಾಗಿರುತ್ತದೆ.

ಲೆಕ್ಕ ಬರೆಯಲು ಪುಸ್ತಕ ಕೊಳ್ಳುವುದಿಲ್ಲ.
ಒಂದು ಮಗ್ಗುಲು ಖಾಲಿ ಇದ್ದರೆ ಯಾವ ಹಾಳೆಯಾದರೂ ಸರಿ,
ಮಂಡಿಯ ಹಳೆ ಬಿಲ್ಲು, ಯಾರದೋ ಲಗ್ನಪತ್ರಿಕೆ,
ಎಲ್ಲವನ್ನೂ ತಂತಿಗೆ ಚುಚ್ಚಿಟ್ಟಿದ್ದೇನೆ.
ಮೊನ್ನೆ ಇಪ್ಪತ್ನಾಲ್ಕರ ರಾತ್ರಿ ಕೈಗೆ ಸಿಕ್ಕಿದ್ದು
ಸಿಂಚನಳ ಬ್ಯಾಗಿನಿಂದ ಬಿದ್ದಿದ್ದ ಹಾಳೆ.
ಮೊಸರು ಇಪ್ಪತ್ತೈದು, ಸೊಪ್ಪು ಹತ್ತು,
ಆಟೋ ಇಲ್ಲ, ನಡೆದೆ.
ಶಾಯಿ ಆಚೆ ಇಳಿಯಿತೇನೋ ಎಂದು ಮಗುಚಿದೆ.

ಪೋಷಕರ ಗಮನಕ್ಕೆ.
ಆರನೇ ತರಗತಿಯ ಮಕ್ಕಳಿಗೆ
ಬೇಲೂರು, ಹಳೇಬೀಡು, ಒಂದು ದಿನದ ಪ್ರವಾಸ.
ತಲಾ ಮುನ್ನೂರ ಐವತ್ತು, ಊಟ ಸೇರಿ.
ಸಹಿಯ ಜಾಗ ಖಾಲಿ.
ತಾರೀಖು ಕಳೆದು ಹನ್ನೊಂದು ದಿನ.

ಅವತ್ತು ಶಾಲೆಗೆ ರಜ ಎಂದಿದ್ದಳು.
ನನ್ನ ಜೊತೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದ್ದಳು,
ಬೀಜವನ್ನೂ ಎಣಿಸಿ ಡಬ್ಬಿಗೆ ಹಾಕಿದ್ದಳು.
ನಡುವೆ ಎಲ್ಲೋ
"ಬೇಲೂರಲ್ಲಿ ಇರೋದು ಬರೀ ಕಲ್ಲು ಅಲ್ವಾ ಅಮ್ಮಾ?" ಎಂದಿದ್ದಳು.
ಹೌದು ಕಣೇ, ಎಲ್ಲಾ ಕಲ್ಲೇ, ಎಂದಿದ್ದೆ
ಬೀಜದಿಂದ ತಲೆ ಎತ್ತದೆ.

ಪೆನ್ನು ಹಿಡಿದು ಕೂತೆ.
ಎಡಗಡೆ ಖರ್ಚು, ಬಲಗಡೆ ಉಳಿತಾಯ,
ಮುನ್ನೂರ ಐವತ್ತು ಯಾವ ಕಡೆಗೂ ಹೋಗಲೊಲ್ಲದು.
ಸಿಪ್ಪೆ ನಾನು ಹೇಳಿಕೊಟ್ಟದ್ದು,
ಸ್ವೆಟರ್ ನಾನು ಹೇಳಿಕೊಟ್ಟದ್ದು,
ಇದನ್ನು ಹೇಳಿಕೊಟ್ಟಿರಲಿಲ್ಲ.
ಬೇಲೂರಿಗೇನು, ಸರ್ಕಾರಿ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಬಿಟ್ಟಿ,
ಯಾವ ಭಾನುವಾರ ಬೇಕಾದರೂ ಹೋಗಿ ಬರಬಹುದು.
ಕಲ್ಲು ಅಲ್ಲೇ ಇರುತ್ತದೆ.
ಕಿಟಕಿ ಸೀಟಿಗೆ ಜಗಳವಾಡುವ ಹುಡುಗಿಯರು ಇರುವುದಿಲ್ಲ.

ಬೆಳಿಗ್ಗೆ ಸಾಂಬಶಿವಯ್ಯನವರ ಕೈ
ತನ್ನಷ್ಟಕ್ಕೆ ಚಿಕೋರಿ ಡಬ್ಬಿಯತ್ತ ಹೋಯಿತು.
ಬೇಡ, ಬರೀ ಪುಡಿ, ಐವತ್ತು ಗ್ರಾಂ, ಎಂದೆ.
ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

ಮೂವರಿಗೂ ಮೊದಲ ಡಿಕಾಕ್ಷನ್ನೇ ಬಗ್ಗಿಸಿದೆ.
ಇವರು ಲೋಟ ಮೂಸಿ, ಯಾರು ಬರ್ತಿದಾರೆ, ಎಂದರು.
ಸಿಂಚನ ಒಂದು ಗುಟುಕು ಕುಡಿದು, ಮುಖ ಕಿವುಚಿ,
ಕಹಿ, ಎಂದಳು.
ಆಮೇಲೆ ಅಪ್ಪನಿಗೆ ಕೇಳಿಸದ ಹಾಗೆ
ನನ್ನ ಕಿವಿಯ ಹತ್ತಿರ ಬಂದು,
"ಇದಕ್ಕೆ ಎಷ್ಟಾಯ್ತು?"